‘ಲೋಕದ ಡೊಂಕ’ ವಚನ ಬಾಯಿ ಮುಚ್ಚಿಸೋಕಲ್ಲ

‘ಲೋಕದ ಡೊಂಕ ನೀವೇಕೆ ತಿದ್ದುವಿರಿ’ ಅಂತ ಬಸವಣ್ಣನವರೇ ಹೇಳಿದ್ದಾರೆ, ಹಾಗಾಗಿ ಅನ್ಯಾಯ ಕಂಡರೂ ಸುಮ್ಮನಿರಬೇಕು ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ವಚನವನ್ನು ಅರ್ಧಕ್ಕೇ ಕತ್ತರಿಸಿದ್ದಾರೆ. ಮುಂದೆ ಓದಿ: ‘ನಿಮ್ಮ ನಿಮ್ಮ ತನುವ ಸಂತೈಸಿಕೊಳ್ಳಿ, ನಿಮ್ಮ ನಿಮ್ಮ ಮನವ ಸಂತೈಸಿಕೊಳ್ಳಿ.’ ತಾನು ಸರಿಹೋಗದೆ ಊರಿಗೆಲ್ಲ ಬುದ್ಧಿ ಹೇಳುವ ಚಾಳಿ ಇದೆಯಲ್ಲ, ಅವರು ಬೇಡ ಎಂದದ್ದು ಅದನ್ನು. ‘ನೆರೆಮನೆಯ ದುಃಖಕ್ಕೆ ಅಳುವವರ ಮೆಚ್ಚ ನಮ್ಮ ಕೂಡಲಸಂಗಮದೇವ’ ಎಂಬ ಕೊನೆಯ ಸಾಲೂ ತೋರಿಕೆಯ ಕಣ್ಣೀರಿಗೆ ಕೊಟ್ಟ ಏಟು ಅಂತಲೇ ನನ್ನ ಓದು.

ಬಸವಣ್ಣನವರು ಸುಮ್ಮನಿರುವ ಪೈಕಿಯೇ ಆಗಿದ್ದರೆ, ಇನ್ನೊಂದು ವಚನದಲ್ಲಿ ಕಲ್ಲ ನಾಗರಕ್ಕೆ ಹಾಲೆರೆದು ದಿಟದ ನಾಗರ ಕಂಡರೆ ಕೊಲ್ಲೆನ್ನುವವರನ್ನು, ಉಂಬ ಜಂಗಮನನ್ನು ಅಟ್ಟಿ ಉಣ್ಣದ ಲಿಂಗಕ್ಕೆ ಬೋನ (ನೈವೇದ್ಯ) ಹಿಡಿಯುವವರನ್ನು ಅಷ್ಟು ಖಾರವಾಗಿ ಕೆಣಕುತ್ತಿದ್ದರಾ?