ಸೈನ್ಯಕ್ಕಿಂತ ಮೊದಲು ಬೀರು

ಪುಟಾಣಿ ಸೈನಿಕ ಗೊಂಬೆಗಳ ದೊಡ್ಡ ಸಂಗ್ರಹ ಮಾಡುವ ಆಸೆ ಇರುವವರಿಗೆ ನನ್ನದು ಒಂದೇ ಮಾತು. ಮೊದಲು ಜಾಗ ಗೊತ್ತುಮಾಡಿ, ಆಮೇಲೆ ಸೈನಿಕರನ್ನು ಕೊಳ್ಳಿ. ಹತ್ತಿಪ್ಪತ್ತು ಇದ್ದರೆ ಶೋಕೇಸ್ ಸಾಕು. ಸಾವಿರ ದಾಟಿದ ಮೇಲೆ ಇಡುವುದೇ ಅರ್ಧ ಕೆಲಸ.

ನಾನು ಕಟ್ಟುತ್ತಿರುವುದು ಹೈದರ್, ಟಿಪ್ಪು ಕಾಲದ ಮೈಸೂರು ಸೈನ್ಯ. ಎದುರಿಗೆ ಈಸ್ಟ್ ಇಂಡಿಯಾ ಕಂಪನಿಯ ಪಡೆ. ನೆಪೋಲಿಯನ್ ಕಾಲದ ಸೈನಿಕರು ಸುಲಭವಾಗಿ ಸಿಗುತ್ತಾರೆ, ನಿಜ. ಆದರೆ ಮೈಸೂರಿನಲ್ಲಿ ಕೂತು ವಾಟರ್ಲೂ ಯಾಕೆ ಕಟ್ಟಬೇಕು? ಬಸ್ ಹತ್ತಿದರೆ ಶ್ರೀರಂಗಪಟ್ಟಣ. ಅಲ್ಲಿ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ನ ಪಶ್ಚಿಮದ ಗೋಡೆ ಮೇಲೆ, ಮೈಸೂರು ಸೈನ್ಯ ಕಂಪನಿ ಪಡೆಯನ್ನು ಸೋಲಿಸಿದ 1780ರ ಪೊಲ್ಲಿಲೂರು ಯುದ್ಧದ ಚಿತ್ರವೇ ಇದೆ. ಸಾಲು ಸಾಲು ಕುದುರೆ, ಕೆಂಪು ಕೋಟಿನ ಸಿಪಾಯಿಗಳ ಚೌಕ, ಸಿಡಿಯುತ್ತಿರುವ ಮದ್ದಿನ ಗಾಡಿ, ಪಲ್ಲಕ್ಕಿಯಲ್ಲಿ ಕಂಪನಿ ಪಡೆಯ ನಾಯಕ ಕರ್ನಲ್ ಬೈಲಿ. ಆ ಚಿತ್ರಕ್ಕೆ ಆಮೇಲಿನವರು ಮತ್ತೆ ಮತ್ತೆ ಬಣ್ಣ ಹಚ್ಚಿದ್ದಾರೆ. ಹಾಗಾಗಿ ಕೋಟಿನ ಒಂದೊಂದು ಗುಂಡಿಗೂ ಅದನ್ನೇ ಸಾಕ್ಷಿ ಅನ್ನಲು ಆಗುವುದಿಲ್ಲ. ಆದರೆ ಅಲ್ಲಿ ಕಣ್ಣು ತುಂಬುವುದು ಸಾಲು. ಒಬ್ಬೊಬ್ಬನ ಮುಖವನ್ನು ಯಾರೂ ಹುಡುಕುವುದಿಲ್ಲ. ಅದಕ್ಕೇ ನನಗೆ ಸಂಖ್ಯೆ ಬೇಕು. ಆರು ಜನರನ್ನು ನಿಲ್ಲಿಸಿ ಪೊಲ್ಲಿಲೂರು ಅಂದರೆ ಮನಸ್ಸು ಒಪ್ಪುವುದಿಲ್ಲ.

ಈಗ ಲೆಕ್ಕ. 28 ಮಿ.ಮೀ. ಎತ್ತರದ ಕಾಲಾಳಿಗೆ 20 ಮಿ.ಮೀ. ಚೌಕದ ಬೇಸ್, ಅಂದರೆ ಕಾಲಡಿಯ ತಳ, ಸಾಕು. ಎ4 ಹಾಳೆಯಷ್ಟು ಜಾಗದಲ್ಲಿ 140 ಬೇಸ್ ಕೂರುತ್ತವೆ. ಆದರೆ ಬಂದೂಕಿನ ಬಯೋನೆಟ್ ಪಕ್ಕದವನ ಬೆನ್ನಿಗೆ ತಾಗುತ್ತದಲ್ವಾ? ನೂರಕ್ಕೇ ನಿಲ್ಲಿಸುವುದು ಒಳ್ಳೆಯದು. ಕುದುರೆ ಸವಾರರಾದರೆ ಅದೇ ಜಾಗದಲ್ಲಿ 40. ಆನೆ, ಫಿರಂಗಿ, ಎತ್ತಿನ ಸಾಲು ಬಂದರೆ ಒಂದು ಡ್ರಾಯರ್ ಪೂರ್ತಿ ಅವಕ್ಕೇ. ತೂಕವನ್ನೂ ಮರೆಯಬೇಡಿ. ಲೋಹದ ಕಾಲಾಳು ಒಬ್ಬ 15ರಿಂದ 20 ಗ್ರಾಂ ತೂಗಬಹುದು. ಸಾವಿರ ಜನ ಅಂದರೆ ಹತ್ತಿರ ಹತ್ತಿರ ಒಂದು ಸಣ್ಣ ಅಕ್ಕಿ ಮೂಟೆ. ತೆಳು ಪ್ಲೈವುಡ್ ಹಲಗೆ ಬಾಗಿಬಿಡುತ್ತದೆ.

ಕಬ್ಬಿಣದ ಬೀರುವೇ ನನ್ನ ಆಯ್ಕೆ. ಬೇಸ್ ಅಡಿಗೆ ಸಣ್ಣ ಅಯಸ್ಕಾಂತ ಅಂಟಿಸಿದರೆ ತಗಡಿನ ತಟ್ಟೆಗೆ ಕಚ್ಚಿಕೊಂಡು ನಿಲ್ಲುತ್ತವೆ. ತಟ್ಟೆ ಎಳೆದರೂ ಯಾರೂ ಬೀಳುವುದಿಲ್ಲ. ಬಣ್ಣವೂ ಉಜ್ಜಿಹೋಗುವುದಿಲ್ಲ. ಮರದ ಪೆಟ್ಟಿಗೆ ನೋಡಲು ಚಂದ, ಆದರೆ ಹಳೆಯ ಸೀಸದ ಗೊಂಬೆಗಳಿಗೆ ಆಗಿಬರುವುದಿಲ್ಲ. ಕೆಲವು ಮರ, ಕೆಲವು ಅಂಟುಗಳಿಂದ ಹೊರಡುವ ಅಸಿಟಿಕ್ ಆಮ್ಲದ ಆವಿ ಸೀಸವನ್ನು ತಿನ್ನುತ್ತದೆ. ಮೈಮೇಲೆ ಬಿಳಿ ಪುಡಿ ಏಳುತ್ತದೆ. ಮುಚ್ಚಿಟ್ಟ ಪೆಟ್ಟಿಗೆಯಲ್ಲಿ ಇದು ಇನ್ನೂ ಜಾಸ್ತಿ. ಮಳೆಗಾಲಕ್ಕೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಡಿ.

ಮೈಸೂರು, ಮಂಡ್ಯ ಕಡೆಯವರಿಗೆ ಇದೆಲ್ಲ ಹೊಸದಾಗಿ ಕಲಿಯುವ ವಿದ್ಯೆಯೇ ಅಲ್ಲ ಅನ್ನುವುದು ನನ್ನ ನಂಬಿಕೆ. ದಸರಾ ಗೊಂಬೆ ಕೂರಿಸುವ ಮನೆಗಳು ತಲೆಮಾರುಗಳಿಂದ ಇದನ್ನೇ ಮಾಡುತ್ತಿವೆ. ಪಟ್ಟದ ಗೊಂಬೆಯನ್ನು ಹಳೇ ಪಂಚೆಯಲ್ಲಿ ಸುತ್ತುವುದು, ಟ್ರಂಕಿನ ಮೇಲೆ ಚೀಟಿ ಅಂಟಿಸುವುದು, ಭಾರದ್ದು ಕೆಳಗೆ, ಹಗುರದ್ದು ಮೇಲೆ. ನಮ್ಮ ಅತ್ತೆ ಹೇಳುವುದುಂಟು, ‘ಇಳಿಸಿದವರೇ ಏರಿಸಬೇಕು ಕಣಪ್ಪಾ, ಆಗಲೇ ಯಾವುದು ಎಲ್ಲಿದೆ ಅಂತ ಗೊತ್ತಿರೋದು.’ ನನ್ನ ಸೈನ್ಯಕ್ಕೂ ಅದೇ ಕಾನೂನು. ಒಂದು ವಿಷಯದಲ್ಲಿ ಮಾತ್ರ ಬೇರೆ ದಾರಿ ಹಿಡಿಯಿರಿ. ಗೊಂಬೆ ಟ್ರಂಕಿಗೆ ಹಾಕುವ ನುಸಿ ಗುಳಿಗೆ ಪ್ಲಾಸ್ಟಿಕ್ ಸೈನಿಕರ ಹತ್ತಿರ ಸುಳಿಯಬಾರದು. ಆ ಗುಳಿಗೆಯ ನಾಫ್ತಲೀನ್ ಆವಿಗೆ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಹೇಗೂ ಪ್ಲಾಸ್ಟಿಕ್ಕಿಗೆ ನುಸಿ ಹಿಡಿಯುವುದಿಲ್ಲ.

ಗೊಂಬೆ ಮನೆಗಳಿಂದ ಕಲಿಯಬೇಕಾದ ದೊಡ್ಡ ವಿಷಯ ಇನ್ನೊಂದಿದೆ. ವರ್ಷಕ್ಕೊಮ್ಮೆ ಎಲ್ಲವೂ ಹೊರಗೆ ಬರಬೇಕು. ಹಾಗೆ ಬಂದಾಗಲೇ ಬಿರುಕು, ಪುಡಿ, ಕಳಚಿದ ಕೈ ಕಣ್ಣಿಗೆ ಬೀಳುವುದು. ಸುಮ್ನೆ ತುಂಬಿಟ್ಟ ಸಂಗ್ರಹವನ್ನು ನಾನು ಸೈನ್ಯ ಅನ್ನಲಾರೆ. ಹೊರಗೆ ಇಡಲು ಸುಲಭವಾಗುವ ಹಾಗೆ ಒಳಗೆ ಇಡಿ. ಒಂದು ತಟ್ಟೆಗೆ ಒಂದು ದಳ, ಹೊರಗೆ ಹೆಸರು.

ಈಗ ನನ್ನ ಮೇಜಿನ ಮೇಲೆ ರಾಕೆಟ್ ದಳ ಇದೆ. ಮೈಸೂರು ರಾಕೆಟ್‌ಗಳಿಗೆ ಕಬ್ಬಿಣದ ಕೊಳವೆ, ಉದ್ದನೆಯ ಬಿದಿರ ಕೋಲು. ಆ ಕೋಲಿಗೆ ತೆಂಗಿನ ಪೊರಕೆ ಕಡ್ಡಿಯ ತುದಿ ಸರಿಹೊಂದುತ್ತದೆ. ಆದರೆ ಕೋಲು ಉದ್ದವಾಗಿರುವುದರಿಂದ ಡ್ರಾಯರ್ ಎತ್ತರ ಸಾಲುತ್ತಿಲ್ಲ. ಮೈಸೂರು, ಮಂಡ್ಯದಲ್ಲಿ ಯಾರಾದರೂ ಇಂಥ ಉದ್ದ ಕೋಲಿನ ದಳಗಳನ್ನು ಇಟ್ಟಿದ್ದರೆ ಫೋಟೋ ಹಾಕಿ, ತಟ್ಟೆಯ ಅಳತೆಯನ್ನೂ ಬರೆಯಿರಿ.