ಆ್ಯಪ್ ಆಟೊಗಳಿಗೆ ಬಳ್ಳಾರಿಯ ರಸ್ತೆ ಬದಿಯಲ್ಲಿ ಜಾಗ ಬೇಕಾ?

ಪರ: ಎರಡು ನಿಮಿಷ ನಿಲ್ಲೋಕೆ ಬಿಡಿ

ಹಂಪಿ ಎಕ್ಸ್‌ಪ್ರೆಸ್ ಬಂದ ಹೊತ್ತಲ್ಲಿ ಬಳ್ಳಾರಿ ಸ್ಟೇಷನ್ ಮುಂದೆ ನಿಂತು ನೋಡಿ. ಫೋನಲ್ಲಿ ಬುಕ್ ಮಾಡಿದ ಆಟೊ ಬಂದಿರುತ್ತದೆ, ನಿಲ್ಲೋಕೆ ಜಾಗ ಇರುವುದಿಲ್ಲ. ಡ್ರೈವರ್ ಇಂಡಿಕೇಟರ್ ಹಾಕಿ, ಒಂದು ಕಾಲು ಹೊರಗಿಟ್ಟು, ಫೋನ್ ಕಿವಿಗಿಟ್ಟುಕೊಳ್ಳುತ್ತಾನೆ. “ಎಲ್ಲದೀರಿ ಸರ್?” ಹಿಂದಿನ ಗಾಡಿ ಹಾರ್ನ್ ಹೊಡೆಯುತ್ತದೆ. ಚೀಲ, ಮಗು ಎತ್ತಿಕೊಂಡವರು ಗಾಡಿಗಳ ಸಂದಿಯಲ್ಲಿ ನುಗ್ಗಿ ಬಂದು ಹತ್ತಬೇಕು.

ಅವನಿಗೆ ದಂಡ ಹಾಕಿದರೆ ದಿನದ ದುಡಿಮೆ ಹೋಗುತ್ತದೆ, ಜಾಗವೇನೂ ಹುಟ್ಟುವುದಿಲ್ಲ. ಹತ್ತಿಸಿಕೊಂಡು ಹೊರಡೋಕೆ ಬಣ್ಣ ಬಳಿದ ಒಂದು ಗುರುತು ಸಾಕು. ಆ್ಯಪ್‌ನಲ್ಲೂ ಅದೇ ಜಾಗ ತೋರಿಸಿದರೆ ಫೋನ್ ಮಾಡಿ ಹುಡುಕಾಡುವುದೂ ತಪ್ಪುತ್ತದೆ. ಕಾನೂನು ಅಡ್ಡ ಬರುವುದಿಲ್ಲ. ಗಾಡಿ ಎಲ್ಲಿ, ಎಷ್ಟು ಹೊತ್ತು ನಿಲ್ಲಬಹುದು ಅಂತ ಗೊತ್ತುಮಾಡುವ ಅಧಿಕಾರ 1988ರ ಮೋಟಾರು ವಾಹನ ಕಾಯ್ದೆಯ 117ನೇ ಕಲಂನಲ್ಲೇ ಇದೆ. ಪಾಲಿಕೆಯ ಜೊತೆ ಮಾತಾಡಿ ಮಾಡಬೇಕು, ಅಷ್ಟೆ. ಅಮೆರಿಕದ ವಾಷಿಂಗ್ಟನ್ ನಗರದಲ್ಲಿ 2017ರಲ್ಲಿ ಡ್ಯುಪಾಂಟ್ ಸರ್ಕಲ್ ಹತ್ತಿರ ವಾರಾಂತ್ಯದ ರಾತ್ರಿ ಪಾರ್ಕಿಂಗ್ ತೆಗೆದು, ಆ ಜಾಗವನ್ನು ಹತ್ತಿಳಿಯೋಕೆ ಬಿಟ್ಟರು. ನಮಗೂ ದಿನವಿಡೀ ಬೇಡ. ರೈಲು ಬರುವ ಹೊತ್ತಿಗೆ ಸಿಕ್ಕರೆ ಸಾಕಲ್ವಾ?

ವಿರೋಧ: ಆ ಜಾಗ ಖಾಲಿ ಬಿದ್ದಿಲ್ಲ

ಬೆಂಗಳೂರು ರಸ್ತೆಯಲ್ಲಿ ಸಂಜೆ ನಡೆದು ನೋಡಿ. ಅಂಗಡಿ ಮುಂದೆ ಬೈಕು, ಬೈಕಿನ ಪಕ್ಕ ಹಣ್ಣಿನ ತಳ್ಳುಗಾಡಿ, ಅದರಾಚೆ ರಸ್ತೆಗಿಳಿದು ನಡೆಯುವ ಜನ. ಇಲ್ಲಿ ಬಣ್ಣ ಬಳಿದರೆ ಮೊದಲು ಏಳಬೇಕಾದವಳು ಹಣ್ಣು ಮಾರುವ ಹೆಂಗಸು. ಕಾರಿನವರನ್ನು ಯಾರೂ ಎಬ್ಬಿಸುವುದಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಆಕೆಯನ್ನು ಎಬ್ಬಿಸುವಂತಿಲ್ಲ. ಇದನ್ನು ಸುಮ್ನೆ ಮರೆತುಬಿಡುವುದು ಅನ್ಯಾಯ.

ಇನ್ನು ಸ್ಟ್ಯಾಂಡಿನಲ್ಲಿ ಸರದಿಗೆ ಕಾಯುವ ಆಟೊದವರು. ಅವರೂ ಪರ್ಮಿಟ್ ಪಡೆದವರೇ. ಸ್ಮಾರ್ಟ್‌ಫೋನ್ ಇಲ್ಲದ ಅಜ್ಜ ಹಳ್ಳಿಯಿಂದ ಬಂದು ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋಗುವುದು ಈ ಆಟೊದಲ್ಲೇ. ಊರಿನ ರಸ್ತೆಯನ್ನು ಕಂಪನಿಯ ಗಿರಾಕಿಗಳಿಗೆ ಮೀಸಲಿಟ್ಟರೆ ಇವರಿಗೆ ಏನು ಉತ್ತರ ಕೊಡೋದು?

ನೋಡಿಕೊಳ್ಳುವವರಿಲ್ಲದ ಗುರುತಂತೂ ವ್ಯರ್ಥ. ಬೆಳಗ್ಗೆ ನಿಂತ ಕಾರು ಸಂಜೆಯವರೆಗೂ ಕದಲುವುದಿಲ್ಲ. ಜಾಗ ಕೊಡಲೇಬೇಕು ಅಂದರೆ ಕಾರು ಪಾರ್ಕಿಂಗ್‌ನಿಂದ ಕತ್ತರಿಸಿ ಕೊಡಿ, ಆ್ಯಪ್ ಇರಲಿ ಬಿಡಲಿ ಎಲ್ಲ ಆಟೊಗಳಿಗೂ ಕೊಡಿ. ಅದಕ್ಕೂ ಮೊದಲು ಫುಟ್‌ಪಾತ್ ಮೇಲಿನ ಬೈಕುಗಳನ್ನು ತೆಗೆಸಿ.