ಹಡಗಿಲ್ಲದ ಹಡಗು ಕಂಪನಿಯೂ ಸುಖವಾಗಿರುವ ಮೀನುಗಳೂ

ಬ್ರಿಟನ್ನಿನ ಸಾಸೇಜಿಗೆ ಕೊನೆಗೂ ಯುರೋಪಿಗೆ ಮರಳುವ ಭಾಗ್ಯ ಒದಗಿದೆ. 2025ರ ಮೇ 19ರಂದು ಲಂಡನ್ನಿನ ಲ್ಯಾಂಕಾಸ್ಟರ್ ಹೌಸಿನಲ್ಲಿ ಪ್ರಧಾನಿ ಕೀರ್ ಸ್ಟಾರ್ಮರ್ ಅವರು ಐರೋಪ್ಯ ಒಕ್ಕೂಟದ ಮುಖ್ಯಸ್ಥರ ಜೊತೆ ಹೊಸ ಒಡಂಬಡಿಕೆಯೊಂದನ್ನು ಪ್ರಕಟಿಸಿದರು. ಇನ್ನು ಮುಂದೆ ಬ್ರಿಟಿಷ್ ಬರ್ಗರ್ ಮತ್ತು ಸಾಸೇಜುಗಳನ್ನು ಯುರೋಪಿನಲ್ಲಿ ಮತ್ತೆ ಮಾರಬಹುದು ಎಂದು ಸರ್ಕಾರ ಹೆಮ್ಮೆಯಿಂದ ಸಾರಿತು. ಬ್ರಿಟನ್ ಒಕ್ಕೂಟದ ಮಾರುಕಟ್ಟೆಯಿಂದ ಪೂರ್ತಿ ಹೊರಬಿದ್ದ 2020ರ ಡಿಸೆಂಬರ್ 31ರ ರಾತ್ರಿಯವರೆಗೂ ಇದೇ ಸಾಸೇಜು ಯಾರ ಅಪ್ಪಣೆಯನ್ನೂ ಕೇಳದೆ ಇಂಗ್ಲಿಷ್ ಕಾಲುವೆ ದಾಟಿ ಹೋಗುತ್ತಿತ್ತು ಎಂಬುದು ಓದುಗರಿಗೆ ನೆನಪಿರಬಹುದು. ಈಗ ಹೋಗಬೇಕಾದರೆ ಕೆಲವು ಷರತ್ತುಗಳುಂಟು. ಆಹಾರದ ವಿಷಯದಲ್ಲಿ ಯುರೋಪು ತನ್ನ ನಿಯಮಗಳನ್ನು ಬದಲಿಸಿದಂತೆಲ್ಲ ಬ್ರಿಟನ್ ತನ್ನವನ್ನು ಬದಲಿಸಿಕೊಳ್ಳಬೇಕು, ಅದರ ಖರ್ಚಿನ ಪಾಲನ್ನು ಕೊಡಬೇಕು, ಆ ನಿಯಮಗಳ ಅರ್ಥವೇನೆಂಬ ವಿವಾದ ಬಂದರೆ ಲಕ್ಸೆಂಬರ್ಗಿನಲ್ಲಿರುವ ಒಕ್ಕೂಟದ ನ್ಯಾಯಾಲಯದ ಮಾತೇ ಕಡೆಯ ಮಾತು. ನಿಯಮ ರೂಪಿಸುವಾಗ ಬ್ರಿಟನ್ ತನ್ನ ಅಭಿಪ್ರಾಯವನ್ನು ತಿಳಿಸಬಹುದು, ಮತ ಹಾಕುವಂತಿಲ್ಲ. ಒಕ್ಕೂಟದೊಳಗಿದ್ದಾಗ ಮತವೂ ಇತ್ತು, ಅದೇ ನ್ಯಾಯಾಲಯದಲ್ಲಿ ತನ್ನ ನ್ಯಾಯಾಧೀಶರೂ ಇದ್ದರು. ಇದಕ್ಕೆ ಹೊಸ ಆರಂಭ ಎಂದು ನಾಮಕರಣ ಮಾಡಿದ್ದಾರೆ.

ಲ್ಯಾಂಕಾಸ್ಟರ್ ಹೌಸಿನ ಬಗ್ಗೆ ಎರಡು ಮಾತು ಹೇಳಬೇಕು. 1988ರ ಏಪ್ರಿಲಿನಲ್ಲಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಇದೇ ಕಟ್ಟಡದಲ್ಲಿ ನಿಂತು, ಅಡೆತಡೆಗಳಿಲ್ಲದ ಏಕ ಮಾರುಕಟ್ಟೆ ಬರಲಿದೆ, ಮೂವತ್ತು ಕೋಟಿಗೂ ಮಿಕ್ಕ ಗ್ರಾಹಕರು ಕೈಗೆಟುಕಲಿದ್ದಾರೆ, ಸಿದ್ಧರಾಗಿ ಎಂದು ಬ್ರಿಟಿಷ್ ಉದ್ಯಮಿಗಳನ್ನು ಹುರಿದುಂಬಿಸಿದ್ದರು. ಆ ಮಾರುಕಟ್ಟೆಯ ನೀಲನಕ್ಷೆಯನ್ನು 1985ರಲ್ಲಿ ಬರೆದವರು ಯುರೋಪಿನ ಆಡಳಿತ ಕೇಂದ್ರವಾದ ಬ್ರಸೆಲ್ಸಿಗೆ ಆಕೆಯೇ ಕಳುಹಿಸಿದ್ದ ಆರ್ಥರ್ ಕಾಕ್‌ಫೀಲ್ಡ್ ಎಂಬ ಅಪ್ಪಟ ಆಂಗ್ಲ ಮಹಾಶಯರು. 2017ರ ಜನವರಿ 17ರಂದು ಪ್ರಧಾನಿ ಥೆರೇಸಾ ಮೇ ಅದೇ ಕಟ್ಟಡಕ್ಕೆ ಬಂದು, ಆ ಏಕ ಮಾರುಕಟ್ಟೆಯಿಂದಲೇ ಹೊರನಡೆಯುತ್ತೇವೆ ಎಂದರು. ಮೂರನೆಯದು ಸ್ಟಾರ್ಮರ್ ಅವರದು: ಮಾರುಕಟ್ಟೆಯೊಳಗೆ ಬರುವುದಿಲ್ಲ, ಆದರೆ ಸಾಸೇಜಿನ ಮಟ್ಟಿಗೆ ಬಾಗಿಲು ತೆರೆಯಬೇಕು. ಅಲ್ಲಿ ಮೈಕು ಜೋಡಿಸುವ ಸಿಬ್ಬಂದಿ ಬದಲಾಗದೆ ಉಳಿದಿದ್ದರೆ ಮೂರು ಭಾಷಣಗಳಿಗೂ ಶ್ರದ್ಧೆಯಿಂದ ಚಪ್ಪಾಳೆ ತಟ್ಟಿರುತ್ತಿದ್ದರು.

ಒಕ್ಕೂಟವೊಂದನ್ನು ಬಿಟ್ಟುಹೋಗುವ ದೇಶ ವ್ಯಾಪಾರದ ಮಾತುಕತೆಯನ್ನು ಹೇಗೆ ನಡೆಸಬೇಕೆಂದು ಜಗತ್ತಿಗೆ ಪಾಠ ಹೇಳಿಕೊಟ್ಟ ಕೀರ್ತಿ ಬ್ರಿಟನ್ನಿಗೇ ಸಲ್ಲಬೇಕು. ಒಕ್ಕೂಟ ಬಿಡಬೇಕೇ ಎಂಬ 2016ರ ಜನಮತಗಣನೆಗೆ ಮುನ್ನವೇ, ಬಿಡೋಣವೆನ್ನುವವರ ಮುಂದಾಳು ಮೈಕೆಲ್ ಗೋವ್ ಅವರು, ಬಿಡುವ ತೀರ್ಮಾನವಾದ ಮರುದಿನ ಇಸ್ಪೀಟಿನ ಎಲೆಗಳೆಲ್ಲ ನಮ್ಮ ಕೈಯಲ್ಲೇ ಇರುತ್ತವೆ ಎಂದು ಭರವಸೆ ಕೊಟ್ಟಿದ್ದರು. ಯುರೋಪಿನ ಜೊತೆಗಿನ ಮುಕ್ತ ವ್ಯಾಪಾರ ಒಪ್ಪಂದವು ಮಾನವ ಇತಿಹಾಸದ ಅತ್ಯಂತ ಸುಲಭದ ಒಪ್ಪಂದಗಳಲ್ಲಿ ಒಂದಾಗಬೇಕು ಎಂದು 2017ರ ಜುಲೈಯಲ್ಲಿ ವ್ಯಾಪಾರ ಸಚಿವ ಲಿಯಮ್ ಫಾಕ್ಸ್ ಹೇಳಿದರು. 1973ರಿಂದ ವ್ಯಾಪಾರ ಮಾತುಕತೆಗಳನ್ನೆಲ್ಲ ಬ್ರಸೆಲ್ಸಿಗೆ ಒಪ್ಪಿಸಿ ಕುಳಿತಿದ್ದ ದೇಶದಲ್ಲಿ ಚೌಕಾಸಿ ಬಲ್ಲವರೇ ಅಪರೂಪವಾಗಿದ್ದರಿಂದ, ಮುಖ್ಯ ವ್ಯಾಪಾರ ಸಂಧಾನ ಸಲಹೆಗಾರರನ್ನು ನ್ಯೂಜಿಲೆಂಡಿನಿಂದ ಕರೆಸಿಕೊಳ್ಳಬೇಕಾಯಿತು. ಅದೇ ತಿಂಗಳು ಬ್ರಸೆಲ್ಸಿನಲ್ಲಿ ತೆಗೆದ ಆ ಪ್ರಸಿದ್ಧ ಛಾಯಾಚಿತ್ರದಲ್ಲಿ ಮೇಜಿನ ಒಂದು ಬದಿಗೆ ಒಕ್ಕೂಟದ ಮುಖ್ಯ ಸಂಧಾನಕಾರ ಮಿಷೆಲ್ ಬಾರ್ನಿಯೇ ಅವರ ತಂಡ ದಪ್ಪ ದಪ್ಪ ಕಡತಗಳೊಂದಿಗೆ ಕುಳಿತಿದೆ. ಎದುರು ಬದಿಗೆ ಒಕ್ಕೂಟ ಬಿಡುವ ಕೆಲಸ ಹೊತ್ತ ಬ್ರಿಟಿಷ್ ಸಚಿವ ಡೇವಿಡ್ ಡೇವಿಸ್ ಮತ್ತು ಇಬ್ಬರು ಸಹಚರರು ಒಂದು ಹಾಳೆಯೂ ಇಲ್ಲದೆ ಪ್ರಸನ್ನವದನರಾಗಿ ನಗುತ್ತಿದ್ದಾರೆ. ಯಾವುದನ್ನು ಮೊದಲು ಚರ್ಚಿಸಬೇಕೆಂಬ ಪ್ರಶ್ನೆಯೇ ಈ ಬೇಸಿಗೆಯ ಮಹಾಜಗಳವಾಗಲಿದೆ ಎಂದು ಎಚ್ಚರಿಸಿದ್ದ ಡೇವಿಸ್ ಅವರು ಆ ಜಗಳವನ್ನು ಮಾತುಕತೆಯ ಮೊದಲ ದಿನವೇ ಬಿಟ್ಟುಕೊಟ್ಟಿದ್ದರು. ಬ್ರೆಕ್ಸಿಟ್ಟಿನ, ಅಂದರೆ ಒಕ್ಕೂಟ ಬಿಡುವುದರ, ಪರಿಣಾಮ ಕುರಿತು ಐವತ್ತಕ್ಕೂ ಹೆಚ್ಚು ಕ್ಷೇತ್ರಗಳ ಬಗ್ಗೆ ಅತಿ ಸೂಕ್ಷ್ಮ ವಿವರಗಳ ಅಧ್ಯಯನವಿದೆಯೆಂದು ಅಕ್ಟೋಬರಿನಲ್ಲಿ ಹೇಳಿ, ಅಂಥ ಪರಿಣಾಮ ಅಧ್ಯಯನ ಯಾವುದೂ ನಡೆದಿಲ್ಲವೆಂದು ಡಿಸೆಂಬರಿನಲ್ಲಿ ತಿಳಿಸಿದರು. ಅವರ ನಂತರ ಆ ಪೀಠಕ್ಕೆ ಬಂದ ಡೊಮಿನಿಕ್ ರಾಬ್, ಇಂಗ್ಲೆಂಡಿನ ಡೋವರ್ ಮತ್ತು ಫ್ರಾನ್ಸಿನ ಕ್ಯಾಲೆ ಬಂದರುಗಳ ನಡುವಿನ ಸಾಗಣೆಯನ್ನು ದೇಶ ಎಷ್ಟೊಂದು ನೆಚ್ಚಿಕೊಂಡಿದೆಯೆಂಬುದು ತಮಗೆ ಪೂರ್ಣವಾಗಿ ಅರ್ಥವಾಗಿರಲಿಲ್ಲ ಎಂದು 2018ರ ನವೆಂಬರಿನಲ್ಲಿ ಒಪ್ಪಿಕೊಂಡರು. ದ್ವೀಪರಾಷ್ಟ್ರವೊಂದಕ್ಕೆ ಸುತ್ತ ಸಮುದ್ರವಿರುವುದನ್ನು ಸಂಪುಟ ದರ್ಜೆಯಲ್ಲೇ ಗುರುತಿಸಲಾಗಿದೆಯೆಂಬ ಸಮಾಧಾನ ನಮಗಿರಲಿ.

ಸಮುದ್ರವೆಂದಾಗ ಸೀಬೋರ್ನ್ ಫ್ರೈಟ್ ನೆನಪಾಗದೆ ಇರದು. ಈ ಕಥೆಯನ್ನು ಎಷ್ಟು ಸಲ ಹೇಳಿದರೂ ನನಗೆ ತೃಪ್ತಿಯಿಲ್ಲ. ಒಪ್ಪಂದವಿಲ್ಲದೆ ಹೊರಬಿದ್ದು ಡೋವರ್ ಬಂದರು ಕಟ್ಟಿಕೊಂಡರೆ ಗತಿಯೇನು ಎಂದು ಯೋಚಿಸಿದ ಸಾರಿಗೆ ಸಚಿವ ಕ್ರಿಸ್ ಗ್ರೇಲಿಂಗ್ ಅವರ ಇಲಾಖೆಯು 2018ರ ಕೊನೆಯಲ್ಲಿ ಹೆಚ್ಚುವರಿ ಹಡಗು ಸೇವೆಗಾಗಿ ಗುತ್ತಿಗೆಗಳನ್ನು ಕೊಟ್ಟಿತು. ಅದರಲ್ಲಿ 1.38 ಕೋಟಿ ಪೌಂಡಿನ ಗುತ್ತಿಗೆ ರಾಮ್ಸ್‌ಗೇಟಿನಿಂದ ಬೆಲ್ಜಿಯಮ್ಮಿನ ಓಸ್ಟೆಂಡಿಗೆ ಲಾರಿಗಳನ್ನು ಸಾಗಿಸಬೇಕಾದ ಸೀಬೋರ್ನ್ ಕಂಪನಿಯ ಪಾಲಾಯಿತು. ಈ ಕಂಪನಿಯ ಬಳಿ ಹಡಗು ಇರಲಿಲ್ಲ. ಹಿಂದೆ ಎಂದೂ ಹಡಗು ಸೇವೆ ನಡೆಸಿದ ಅನುಭವವೂ ಇರಲಿಲ್ಲ. ಅದರ ಜಾಲತಾಣದಲ್ಲಿದ್ದ ಷರತ್ತುಗಳು ಪಾರ್ಸೆಲ್ ಊಟ ಕಳುಹಿಸುವ ಹೋಟೆಲಿಗಾಗಿ ಬರೆದವಾಗಿದ್ದವು. ಆರ್ಡರ್ ಮಾಡಿದ ತಿನಿಸನ್ನು ಸರಿಯಾಗಿ ನೋಡಿಕೊಂಡು ಆಮೇಲೆ ದುಡ್ಡು ಕೊಡಲು ಒಪ್ಪಬೇಕೆಂಬ ಅಮೂಲ್ಯ ಸಲಹೆ ಅಲ್ಲಿತ್ತು. ಆ ಸಲಹೆಯನ್ನು ಸಾರಿಗೆ ಇಲಾಖೆ ಓದಿದ್ದರೆ ಒಳ್ಳೆಯದಿತ್ತು. ಹೊಸದೊಂದು ಬ್ರಿಟಿಷ್ ಉದ್ಯಮಕ್ಕೆ ಬೆಂಬಲ ಕೊಟ್ಟದ್ದಕ್ಕೆ ಕ್ಷಮೆ ಕೇಳುವುದಿಲ್ಲವೆಂದು ಸಚಿವರು ಘನತೆಯಿಂದ ನುಡಿದರು. 2019ರ ಫೆಬ್ರವರಿಯಲ್ಲಿ ಗುತ್ತಿಗೆ ರದ್ದಾಯಿತು. ಕಂಪನಿಗೆ ನಯಾಪೈಸೆಯನ್ನೂ ಕೊಟ್ಟಿಲ್ಲವೆಂದು ಸರ್ಕಾರ ಎದೆತಟ್ಟಿಕೊಂಡಿತು. ಆದರೆ ಈ ಗುತ್ತಿಗೆಗಳ ಹಂಚಿಕೆಯಲ್ಲಿ ತನ್ನನ್ನು ಕರೆಯಲೇ ಇಲ್ಲವೆಂದು ಸಮುದ್ರದ ಕೆಳಗಿನ ಸುರಂಗ ನಡೆಸುವ ಯೂರೋಟನಲ್ ಕಂಪನಿ ನ್ಯಾಯಾಲಯಕ್ಕೆ ಹೋದಾಗ, ಅದಕ್ಕೆ 3.3 ಕೋಟಿ ಪೌಂಡ್ ಕೊಟ್ಟು ಕೈಮುಗಿಯಬೇಕಾಯಿತು. ಹಡಗಿಲ್ಲದವರಿಗೆ ಗುತ್ತಿಗೆ ಸಿಕ್ಕಿತು, ಸುರಂಗವುಳ್ಳವರಿಗೆ ಹಣ ಸಿಕ್ಕಿತು, ಲಾರಿಗಳು ಮಾತ್ರ ಇದ್ದಲ್ಲೇ ಇದ್ದವು. ಅದೇ 2019ರ ಜನವರಿಯಲ್ಲಿ ಕೆಂಟ್ ಪ್ರಾಂತ್ಯದ ಹಳೆಯ ವಿಮಾನ ನಿಲ್ದಾಣದಿಂದ 89 ಲಾರಿಗಳನ್ನು ಸಾಲಾಗಿ ಹೊರಡಿಸಿ ಸರ್ಕಾರ ಟ್ರಾಫಿಕ್ ಜಾಮಿನ ತಾಲೀಮನ್ನೂ ನಡೆಸಿತ್ತು. ಡೋವರಿನಲ್ಲಿ ದಿನವೊಂದಕ್ಕೆ ಸಾವಿರಾರು ಲಾರಿಗಳು ದಾಟುತ್ತವೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ವೃತ್ತದವರನ್ನು ಕರೆಸಿದ್ದರೆ ತಾಲೀಮಿನ ಅಗತ್ಯವಿಲ್ಲದೆಯೇ ಮಾರ್ಗದರ್ಶನ ಸಿಗುತ್ತಿತ್ತು.

ಕಡೆಗೂ ಒಪ್ಪಂದ ಕುದುರಿದ್ದು 2020ರ ಕ್ರಿಸ್‌ಮಸ್ ಮುನ್ನಾದಿನ, ಗಡುವಿಗೆ ಒಂದು ವಾರವಿರುವಾಗ. 1,246 ಪುಟಗಳ ಆ ದಾಖಲೆಯನ್ನು ಬ್ರಿಟಿಷ್ ಸಂಸತ್ತಿನ ಎರಡೂ ಸದನಗಳು ಡಿಸೆಂಬರ್ 30ರಂದು ಒಂದೇ ದಿನದಲ್ಲಿ ಚರ್ಚಿಸಿ ಅಂಗೀಕರಿಸಿದವು. ಸಾರ್ವಭೌಮ ಸಂಸತ್ತಿಗೆ ಅಧಿಕಾರ ಮರಳಿ ತರುವುದಕ್ಕಾಗಿ ನಾಲ್ಕೂವರೆ ವರ್ಷ ಹೋರಾಡಿದವರು ಆ ಸಂಸತ್ತಿಗೆ ಓದಲು ಕೊಟ್ಟ ಸಮಯವದು. ಓದಿದವರಿಗೆ ಒಂದು ನಿಧಿಯೂ ಸಿಕ್ಕಿತು. ಡಿಎನ್‌ಎ ಮತ್ತು ಬೆರಳಚ್ಚಿನ ಮಾಹಿತಿಯನ್ನು ಹಂಚಿಕೊಳ್ಳುವ ವಿಧಾನ ವಿವರಿಸುವ ಅನುಬಂಧದಲ್ಲಿ, ಆಧುನಿಕ ಇಮೇಲ್ ತಂತ್ರಾಂಶಗಳ ಉದಾಹರಣೆಯಾಗಿ ನೆಟ್‌ಸ್ಕೇಪ್ ಕಮ್ಯುನಿಕೇಟರ್ 4 ಸರಣಿಯನ್ನು ಹೆಸರಿಸಲಾಗಿತ್ತು. ಆ ತಂತ್ರಾಂಶ ಹೊರಬಂದದ್ದು 1997ರಲ್ಲಿ. ಹಳೆಯ ಐರೋಪ್ಯ ಕಾನೂನೊಂದರಿಂದ ಯಾರೋ ಎತ್ತಿ ಅಂಟಿಸಿದ್ದು, ಎರಡೂ ಕಡೆಯ ಪಂಡಿತರ ಕಣ್ಣು ತಪ್ಪಿಸಿಕೊಂಡು ಅಂತರರಾಷ್ಟ್ರೀಯ ಒಪ್ಪಂದದ ಗರ್ಭಗುಡಿ ಸೇರಿತ್ತು. ಕಂಪ್ಯೂಟರುಗಳ ಎರಡು ಸಾವಿರನೇ ಇಸವಿಯ ದೋಷ ತಿದ್ದಿ ಮನೆ ಕಟ್ಟಿಸಿಕೊಂಡ ಬೆಂಗಳೂರಿನ ಹಿರಿಯ ಎಂಜಿನಿಯರುಗಳು ಈ ಪುಟವನ್ನು ಓದಿ ಕಣ್ಣೊರೆಸಿಕೊಂಡಿದ್ದರೆ ಆಶ್ಚರ್ಯವಿಲ್ಲ.

ಒಪ್ಪಂದ ಕುದುರಿದ ದಿನ ಪ್ರಧಾನಿ ಬೋರಿಸ್ ಜಾನ್ಸನ್ ಮೀನುಗಳ ಚಿತ್ರವಿದ್ದ ಟೈ ಕಟ್ಟಿಕೊಂಡು ಟಿವಿಯ ಮುಂದೆ ಬಂದರು. ಮೀನುಗಾರಿಕೆಯು ಬ್ರಿಟನ್ನಿನ ಆರ್ಥಿಕತೆಯಲ್ಲಿ ಶೇ. 0.1ರ ಆಸುಪಾಸಿನ ಬಾಬತ್ತು. ಆದರೂ ಮಾತುಕತೆಯ ಕೊನೆಯ ದಿನಗಳನ್ನೆಲ್ಲ ತಿಂದುಹಾಕಿದ್ದು ಅದೇ. ಹಣಕಾಸು ಸೇವೆಗಳು ಆರ್ಥಿಕತೆಯಲ್ಲಿ ಅದರ ಎಷ್ಟೋ ಪಟ್ಟು ದೊಡ್ಡವು, ಅವಕ್ಕೆ ಒಪ್ಪಂದದಲ್ಲಿ ಸಿಕ್ಕಿದ್ದು ಮುಂದೆ ನೋಡೋಣವೆಂಬ ಸೌಜನ್ಯ. ಬ್ರಿಟಿಷ್ ಮೀನುಗಾರರು ಹಿಡಿದ ಮೀನಿನ ಬಹುಪಾಲು ಹೋಗುತ್ತಿದ್ದುದು ಯುರೋಪಿನ ತಟ್ಟೆಗೆ. ಜನವರಿ ಬಂತು, ಆರೋಗ್ಯ ಪ್ರಮಾಣಪತ್ರಗಳು ಬಂದವು, ಸ್ಕಾಟ್ಲೆಂಡಿನ ಸಿಗಡಿ ಮತ್ತು ಏಡಿಗಳು ಕಾಗದಪತ್ರಗಳ ನಡುವೆ ಕೊಳೆಯತೊಡಗಿದವು. ಈ ಬಗ್ಗೆ ಸಂಸತ್ತಿನಲ್ಲಿ ಪ್ರಶ್ನೆ ಬಂದಾಗ ಸದನದ ನಾಯಕ ಜೇಕಬ್ ರೀಸ್-ಮಾಗ್ ಕೊಟ್ಟ ಉತ್ತರವನ್ನು ಅಮೃತಶಿಲೆಯಲ್ಲಿ ಕೆತ್ತಿಸಬೇಕು: ಈ ಮೀನುಗಳು ಈಗ ಬ್ರಿಟಿಷ್ ಮೀನುಗಳು, ಅದರಿಂದಾಗಿ ಅವು ಇನ್ನೂ ಉತ್ತಮವಾದ, ಇನ್ನೂ ಸುಖವಾದ ಮೀನುಗಳಾಗಿವೆ. ಕೆಲವೇ ದಿನಗಳಲ್ಲಿ ಮೀನು ಸಾಗಿಸುವ ಲಾರಿಗಳು ಪ್ರಧಾನಿ ನಿವಾಸದ ಹತ್ತಿರ ಬಂದು ನಿಂತು ಪ್ರತಿಭಟಿಸಿದವು. ಸುಖವಾಗಿದ್ದ ಮೀನುಗಳ ಮಾಲೀಕರು ಮಾತ್ರ ಯಾಕೋ ಅಸುಖಿಗಳಾಗಿದ್ದರು. ಐರೋಪ್ಯ ದೋಣಿಗಳಿಗೆ ಬ್ರಿಟಿಷ್ ನೀರಿನಲ್ಲಿ ಕೊಟ್ಟ ಅವಕಾಶ 2026ರ ಜೂನಿನವರೆಗೆ ಮಾತ್ರ, ಆಮೇಲೆ ನೋಡಿ ನಮ್ಮ ಪ್ರತಾಪ ಎಂದು ಆಗ ಹೇಳಲಾಗಿತ್ತು. ಈಗ ಸಾಸೇಜಿನ ಜೊತೆಗೆ ಆ ಅವಕಾಶವನ್ನು 2038ರವರೆಗೆ ವಿಸ್ತರಿಸಿದ್ದಾರೆ.

ಗಡಿಯ ಕಥೆಯನ್ನಂತೂ ಯಾರೂ ಕಲ್ಪಿಸಿ ಬರೆಯಲಾರರು. ನೆದರ್ಲೆಂಡ್ಸಿನ ಬಂದರಿನಲ್ಲಿ ಇಳಿದ ಬ್ರಿಟಿಷ್ ಲಾರಿ ಚಾಲಕನೊಬ್ಬನ ಬುತ್ತಿಯಲ್ಲಿ ಹಂದಿಮಾಂಸದ ಸ್ಯಾಂಡ್‌ವಿಚ್ ಇತ್ತು. ಮಾಂಸ ತೆಗೆದುಕೊಂಡು ಬ್ರೆಡ್ಡನ್ನಾದರೂ ಬಿಡಿ ಎಂದು ಆತ ಕೇಳಿಕೊಂಡದ್ದು ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತಾಯಿತು. ಎಲ್ಲವನ್ನೂ ಜಪ್ತಿ ಮಾಡಿದ ಅಧಿಕಾರಿ, ಬ್ರೆಕ್ಸಿಟ್ಟಿಗೆ ಸ್ವಾಗತ ಸ್ವಾಮಿ, ಕ್ಷಮಿಸಬೇಕು ಎಂದ. ಇತ್ತ ಗಡಿಯ ನಿಯಂತ್ರಣವನ್ನು ಮರಳಿ ಪಡೆದ ಬ್ರಿಟನ್, ಯುರೋಪಿನಿಂದ ಬರುವ ಆಹಾರದ ತಪಾಸಣೆಯನ್ನು ಒಂದಲ್ಲ, ಐದು ಸಲ ಮುಂದೂಡಿತು. ಅಂದರೆ ಮೂರು ವರ್ಷ ಬ್ರಿಟಿಷ್ ರೈತನ ಚೀಸಿಗೆ ಫ್ರಾನ್ಸಿನಲ್ಲಿ ಪಶುವೈದ್ಯರ ಸಹಿ ಬೇಕಿತ್ತು, ಫ್ರೆಂಚ್ ರೈತನ ಚೀಸು ಬ್ರಿಟನ್ನಿಗೆ ಆರಾಮವಾಗಿ ಬರುತ್ತಿತ್ತು. 2024ರಲ್ಲಿ ತಪಾಸಣೆ ಶುರುವಾಯಿತು. ಅದಕ್ಕಾಗಿ ಪೋರ್ಟ್ಸ್‌ಮತ್ ಬಂದರೊಂದರಲ್ಲೇ ಸುಮಾರು 2.5 ಕೋಟಿ ಪೌಂಡಿನ ಕೇಂದ್ರ ಕಟ್ಟಿದ್ದರು. ಹೊಸ ಒಡಂಬಡಿಕೆ ಜಾರಿಯಾದರೆ ಆ ತಪಾಸಣೆಯ ಬಹುಪಾಲು ಬೇಕಾಗುವುದಿಲ್ಲ. ಉತ್ತರ ಐರ್ಲೆಂಡಿನ ಉದ್ಯಮಿಗಳಿಗೆ ಯಾರಾದರೂ ಅರ್ಜಿ ತುಂಬಲು ಹೇಳಿದರೆ ನನಗೆ ಫೋನು ಮಾಡಿ, ಕಸದಬುಟ್ಟಿಗೆ ಹಾಕಿಸುತ್ತೇನೆ ಎಂದಿದ್ದರು ಜಾನ್ಸನ್. ಅರ್ಜಿಗಳು ಬಂದವು. ಫೋನು ಎತ್ತುವವರು ಇರಲಿಲ್ಲ.

ಇಷ್ಟೆಲ್ಲ ಯಾಕೆಂದರೆ ವಿಶಾಲ ಜಗತ್ತು ಕಾದಿತ್ತು. ಆಸ್ಟ್ರೇಲಿಯಾದ ಜೊತೆಗಿನ ಒಪ್ಪಂದದಿಂದ ಬ್ರಿಟನ್ನಿನ ಆರ್ಥಿಕತೆ 2035ರ ಹೊತ್ತಿಗೆ ಶೇ. 0.08ರಷ್ಟು ಹಿಗ್ಗಬಹುದೆಂದು ಸರ್ಕಾರದ್ದೇ ಅಂದಾಜು. ಒಕ್ಕೂಟ ಬಿಟ್ಟದ್ದರಿಂದ ದೇಶದ ಉತ್ಪಾದಕತೆ ದೀರ್ಘಾವಧಿಯಲ್ಲಿ ಶೇ. 4ರಷ್ಟು ಕುಗ್ಗುತ್ತದೆಂಬುದು ಅಲ್ಲಿನ ಬಜೆಟ್ ಹೊಣೆಗಾರಿಕೆ ಕಚೇರಿಯ ಅಂದಾಜು. ಎರಡು ಲೆಕ್ಕಗಳ ಜಾತಿ ಬೇರೆಯಾದರೂ ಒಂದರ ಪಕ್ಕ ಒಂದಿಟ್ಟು ನೋಡಿದರೆ, ನಷ್ಟ ತುಂಬಿಕೊಳ್ಳಲು ಐವತ್ತು ಆಸ್ಟ್ರೇಲಿಯಾಗಳು ಬೇಕು. ಭೂಪಟದಲ್ಲಿ ಸದ್ಯಕ್ಕೆ ಒಂದೇ ಇದೆ, ಅದೂ ಅಷ್ಟೇನೂ ಒಳ್ಳೆಯ ಒಪ್ಪಂದವಲ್ಲವೆಂದು ಆಗ ಕೃಷಿ ಸಚಿವರಾಗಿದ್ದ ಜಾರ್ಜ್ ಯೂಸ್ಟಿಸ್ ಕುರ್ಚಿ ಹೋದ ಮೇಲೆ ಹೇಳಿದ್ದಾರೆ. ನಮ್ಮ ಜೊತೆಗಿನ ಒಪ್ಪಂದವನ್ನು 2022ರ ದೀಪಾವಳಿಯೊಳಗೆ ಮುಗಿಸುತ್ತೇವೆಂದು ಜಾನ್ಸನ್ ಭಾರತಕ್ಕೆ ಬಂದು ಮಾತು ಕೊಟ್ಟಿದ್ದರು. ಹಬ್ಬಕ್ಕೆ ಮುಂಚೆಯೇ ಅವರು ಕುರ್ಚಿ ಬಿಟ್ಟು ಹೋದರು. ಅವರ ಜಾಗಕ್ಕೆ ಬಂದ ಲಿಜ್ ಟ್ರಸ್ ಹಬ್ಬಕ್ಕೆ ನಾಲ್ಕು ದಿನವಿರುವಾಗ ರಾಜೀನಾಮೆ ಘೋಷಿಸಿದರು. ಹಬ್ಬದ ದಿನ ಒಪ್ಪಂದದ ಬದಲಿಗೆ ನಮ್ಮ ಬೆಂಗಳೂರಿನ ಅಳಿಯ ರಿಷಿ ಸುನಕ್ ಪಕ್ಷದ ನಾಯಕರಾಗಿ ಆಯ್ಕೆಯಾದರು. ಮಾವನ ಮನೆಯವರ ದೇಶದ ಒಪ್ಪಂದ ಅಳಿಯನ ಕೈಯಲ್ಲೂ ಮುಗಿಯಲಿಲ್ಲ. 2025ರ ಜುಲೈ 24ರಂದು ಸಹಿ ಬಿದ್ದಾಗ ಬ್ರಿಟನ್ನಿಗೆ ನಾಲ್ಕನೆಯ ಪ್ರಧಾನಿ ಬಂದಿದ್ದರು. ಸ್ಕಾಚ್ ವಿಸ್ಕಿಯ ಮೇಲಿನ ಸುಂಕ ಶೇ. 150ರಿಂದ 75ಕ್ಕೆ, ಹತ್ತು ವರ್ಷಗಳಲ್ಲಿ 40ಕ್ಕೆ ಇಳಿಯಬೇಕು. ಇಲ್ಲಿಂದ ತಾತ್ಕಾಲಿಕವಾಗಿ ಅಲ್ಲಿಗೆ ಹೋಗುವ ಸಾಫ್ಟ್‌ವೇರ್ ನೌಕರರಿಗೆ ಮೂರು ವರ್ಷ ಅಲ್ಲಿನ ಸಾಮಾಜಿಕ ಭದ್ರತೆಯ ವಂತಿಗೆ ತಪ್ಪಬೇಕು. ನಮಗೆ ಲಾಭವಾದರೆ ಆಗಲಿ. ಬ್ರಿಟನ್ನಿಗೆ ಆಗುವ ಲಾಭವನ್ನು ಅವರ ಸರ್ಕಾರವೇ ಆರ್ಥಿಕತೆಯ ಶೇ. 0.13 ಎಂದು ಲೆಕ್ಕ ಹಾಕಿದೆ.

ನಗುವುದಕ್ಕೂ ಒಂದು ಮಿತಿಯಿದೆ. 2016ರಿಂದೀಚೆಗಿನ ಈ ವರ್ಷಗಳಲ್ಲಿ ತೆತ್ತವರು ಯಾರು? ಯುರೋಪಿಗೆ ಸಣ್ಣ ಸಣ್ಣ ಪೊಟ್ಟಣಗಳಲ್ಲಿ ಚೀಸು ಕಳುಹಿಸಿ ಬದುಕುತ್ತಿದ್ದವರು, ಏಡಿ ಹಿಡಿಯುವವರು, ಬುತ್ತಿ ಕಳೆದುಕೊಂಡ ಚಾಲಕರು. ವಾರಕ್ಕೆ 35 ಕೋಟಿ ಪೌಂಡ್ ಒಕ್ಕೂಟಕ್ಕೆ ಕಳುಹಿಸುತ್ತಿದ್ದೇವೆ, ಅದರ ಬದಲು ಆಸ್ಪತ್ರೆಗಳಿಗೆ ಕೊಡೋಣ ಎಂದು ಕೆಂಪು ಬಸ್ಸಿನ ಮೇಲೆ ಬರೆಸಿಕೊಂಡು ಊರೂರು ತಿರುಗಿದವರು ಏನನ್ನೂ ತೆರಲಿಲ್ಲ. ಅವರಿಗೆ ಗೊತ್ತಿಲ್ಲದೆ ಆದ ಅನಾಹುತ ಇದಲ್ಲ. ಸುಂಕದ ಗಡಿಯಾಚೆ ಹೋದರೆ ಸುಂಕದ ಕಾಗದ ಬೇಕಾಗುತ್ತದೆಂದು ಹೇಳಿದ ಅಧಿಕಾರಿಗಳೆಲ್ಲ ಅವರ ಕಣ್ಣಿಗೆ ದೇಶದ್ರೋಹಿಗಳಾಗಿ ಕಂಡರು. ಸುಖವಾದ ಮೀನುಗಳ ರೀಸ್-ಮಾಗ್ ಈಗ ಸರ್ ಜೇಕಬ್. ಎಲೆಗಳೆಲ್ಲ ಕೈಯಲ್ಲಿವೆಯೆಂದ ಗೋವ್ ಈಗ ಲಾರ್ಡ್ ಗೋವ್. ಒಪ್ಪಂದ ಕುದುರಿಸಿದ ಡೇವಿಡ್ ಫ್ರಾಸ್ಟ್ ಈಗ ಲಾರ್ಡ್ ಫ್ರಾಸ್ಟ್. ಹಡಗಿಲ್ಲದ ಕಂಪನಿಗೆ ಗುತ್ತಿಗೆ ಕೊಟ್ಟವರು ಲಾರ್ಡ್ ಗ್ರೇಲಿಂಗ್. ಜನರು ಆರಿಸದ ಬ್ರಸೆಲ್ಸಿನ ಅಧಿಕಾರಿಗಳು ನಮಗೆ ಕಾನೂನು ಮಾಡುವುದೇ ಎಂದು ಗುಡುಗಿದ ಪಕ್ಷದ ಈ ಮೂವರು ಲಾರ್ಡುಗಳು, ಯಾರೂ ಆರಿಸದೆಯೇ, ಬದುಕಿರುವಷ್ಟು ಕಾಲ ಮೇಲ್ಮನೆಯಲ್ಲಿ ಕುಳಿತು ಕಾನೂನು ಮಾಡಬಹುದು. ಹಾಜರಿ ಹಾಕಿದ ದಿನಗಳಿಗೆ ತೆರಿಗೆಯಿಲ್ಲದ ಭತ್ಯೆಯೂ ಉಂಟು.